ಇಂಟೆಲಿಜೆನ್ಸ್: ಇಂಗ್ಲಿಷಿಗೆ ಒಂದೇ ಪದ, ಕನ್ನಡಕ್ಕೆ ಹಲವು. ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಸೈನಿಕ ಶಾಲೆಗೆ ಸೇರಿಸಲು ಹೊರಟ ಪೋಷಕರು, ಶಾಲೆಯ ಮೇಷ್ಟ್ರು, ಪತ್ರಿಕೆಗೆ ಸುದ್ದಿ ಬರೆಯುವವರು, ಕಾಫಿ ಬೆಳೆಗಾರರು ಹೀಗೆ ಕೊಡಗಿನ ಬೇರೆ ಬೇರೆ ಕಡೆಯವರು ಈ ಒಂದು ಪದದ ಬಗ್ಗೆ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲಿಗೆ ಪದ

"ಇಂಟೆಲಿಜೆನ್ಸ್ ಅಂದ್ರೆ ಬುದ್ಧಿ ಅಲ್ವಾ? ಮತ್ತೆ ಪೊಲೀಸರಲ್ಲಿ ಒಂದು ವಿಭಾಗಕ್ಕೆ ಯಾಕೆ ಆ ಹೆಸರು?"

ಪದದ ಮೂಲ ಲ್ಯಾಟಿನ್. 'ಇಂಟರ್' ಎಂದರೆ ನಡುವೆ, 'ಲೆಗೆರೆ' ಎಂದರೆ ಆರಿಸು, ಓದು. ಹಲವದರ ನಡುವಿನಿಂದ ಬೇಕಾದ್ದನ್ನು ಆರಿಸಿಕೊಳ್ಳುವುದು. ಕಾಫಿ ಬೀಜ ಹಸನು ಮಾಡುವಾಗ ಕಪ್ಪು ಬೀಜ ಹೆಕ್ಕಿ ತೆಗೆಯುವ ಹಾಗೆ. ಫ್ರೆಂಚ್ ದಾರಿಯಾಗಿ 14ನೆಯ ಶತಮಾನದ ಕೊನೆಗೆ ಇದು ಇಂಗ್ಲಿಷಿಗೆ ಬಂತು. ಮುಂದಿನ ಶತಮಾನದಲ್ಲೇ 'ಅರಿಯುವ ಶಕ್ತಿ' ಎಂಬ ಅರ್ಥದ ಪಕ್ಕದಲ್ಲಿ 'ಅರಿತ ವಿಷಯ', ಅಂದರೆ ಸುದ್ದಿ, ಎಂಬ ಅರ್ಥವೂ ಬೆಳೆಯಿತು. ಆಮೇಲೆ ಆ ಸುದ್ದಿ ತರುವ ಇಲಾಖೆಗೂ ಅದೇ ಹೆಸರು ಅಂಟಿಕೊಂಡಿತು.

ವಿಚಿತ್ರ ಅನ್ನಿಸಿದರೆ ನಮ್ಮ 'ತಿಳಿವಳಿಕೆ'ಯನ್ನೇ ನೋಡಿ. 'ಹುಡುಗನಿಗೆ ತಿಳಿವಳಿಕೆ ಇದೆ' ಎಂದರೆ ಶಕ್ತಿ. 'ತಿಳಿವಳಿಕೆ ಪತ್ರ ಬಂದಿದೆ' ಎಂದರೆ ವಿಷಯ.

ಇಂಗ್ಲಿಷ್ ವಾಕ್ಯದಲ್ಲಿ ಈ ಪದ ಕಂಡಾಗ ಕನ್ನಡದ ಮೂರು ಕ್ರಿಯಾಪದ ಹಚ್ಚಿ ನೋಡಿ. 'ಅವನಿಗೆ ಇದೆ' ಎಂದು ಒಗ್ಗಿದರೆ ಬುದ್ಧಿಯ ಕಡೆಯ ಅರ್ಥ. 'ಬಂದಿದೆ, ಸಿಕ್ಕಿದೆ' ಎಂದು ಒಗ್ಗಿದರೆ ಮಾಹಿತಿ. 'ಅವರು ಅದರಲ್ಲಿದ್ದಾರೆ' ಎಂದು ಒಗ್ಗಿದರೆ ಇಲಾಖೆ. ಹತ್ತರಲ್ಲಿ ಒಂಬತ್ತು ಸಲ ಇಷ್ಟರಲ್ಲೇ ಗೊಂದಲ ಬಗೆಹರಿಯುತ್ತದೆ.

"ಬುದ್ಧಿ, ಬುದ್ಧಿವಂತಿಕೆ, ಬುದ್ಧಿಮತ್ತೆ, ಜಾಣತನ. ಯಾವುದನ್ನು ಎಲ್ಲಿ ಬರೆಯೋದು?"

'ಬುದ್ಧಿ' ತುಂಬ ಅಗಲವಾದ ಪದ, ಅದಕ್ಕೇ ಅಪಾಯದ್ದು. 'ಬುದ್ಧಿ ಹೇಳು' ಎಂದರೆ ಉಪದೇಶ. 'ಬುದ್ಧಿ ಕಲಿಸ್ತೀನಿ' ಎಂದರೆ ಬೆದರಿಕೆ. 'ಹಳೇ ಬುದ್ಧಿ ಬಿಡಲಿಲ್ಲ' ಎಂದರೆ ಚಾಳಿ. 'ನನಗೆ ಬುದ್ಧಿ ಬಂದಾಗಿನಿಂದ' ಎಂದರೆ ವಯಸ್ಸಿನ ಲೆಕ್ಕ. ಹಳೆ ಮೈಸೂರು ಕಡೆ ಯಜಮಾನರನ್ನೇ 'ಬುದ್ಧೀ' ಎಂದು ಕರೆಯುತ್ತಿದ್ದರು. ಇವುಗಳಲ್ಲಿ ಒಂದಕ್ಕೂ ಇಂಗ್ಲಿಷಿನಲ್ಲಿ ಇಂಟೆಲಿಜೆನ್ಸ್ ಎನ್ನಲಾಗದು.

'ಬುದ್ಧಿವಂತಿಕೆ' ನಡವಳಿಕೆಯಲ್ಲಿ ಕಾಣುವಂಥದ್ದು: 'ಮಳೆಗೆ ಮೊದಲೇ ಚರಂಡಿ ತೆಗೆಸಿದ್ದು ಬುದ್ಧಿವಂತಿಕೆ.' 'ಬುದ್ಧಿಮತ್ತೆ' ಅಳೆಯುವ, ಚರ್ಚಿಸುವ ಶಾಸ್ತ್ರದ ಪದ; ಮನೆಮಾತಿನಲ್ಲಿ ಯಾರೂ 'ನಿನ್ನ ಬುದ್ಧಿಮತ್ತೆ ಎಲ್ಲಿ ಹೋಯ್ತು' ಎಂದು ಬೈಯುವುದಿಲ್ಲ. 'ಜಾಣತನ'ದಲ್ಲಿ ಮೆಚ್ಚುಗೆಯ ಜೊತೆಗೆ ತುಸು ಕಿಲಾಡಿತನವೂ ಬೆರೆತಿದೆ. 'ಜಾಣ್ಮೆ'ಯಲ್ಲಿ ಆ ಕಿಲಾಡಿತನವಿಲ್ಲ, ಕುಶಲತೆ ಇದೆ. ಪಠ್ಯಕ್ಕೆ ಬುದ್ಧಿಮತ್ತೆ, ಮಾತಿಗೆ ಬುದ್ಧಿವಂತಿಕೆ ಎಂದಿಟ್ಟುಕೊಂಡರೆ ಸಾಮಾನ್ಯವಾಗಿ ಎಡವುವುದಿಲ್ಲ.

"ಇಂಟೆಲಿಜೆಂಟ್, ಇಂಟೆಲೆಕ್ಚುವಲ್, ಇಂಟೆಲಿಜಿಬಲ್ ಮೂರೂ ಒಂದೇನಾ?"

ಒಂದೇ ಬೇರು, ಮೂರು ಕೊಂಬೆ. ಮೊದಲನೆಯದು ಬುದ್ಧಿವಂತ. ಎರಡನೆಯದು ಚಿಂತನೆಯೇ ಕಸುಬಾದವನು. ಕನ್ನಡದಲ್ಲಿ 'ಬುದ್ಧಿಜೀವಿ', ಈಗೀಗ ಹೊಗಳಿಕೆಗಿಂತ ಕುಟುಕಲು ಹೆಚ್ಚು ಬಳಕೆ. ಮೂರನೆಯದು 'ಅರ್ಥವಾಗುವಂಥ' ಎಂದಷ್ಟೇ: ಅಕ್ಷರ ಓದಲು ಬರುತ್ತದೆ, ಫೋನಿನಲ್ಲಿ ಮಾತು ತಿಳಿಯುತ್ತದೆ.

"ನಮ್ಮ ಡೇರಿಯಲ್ಲಿ ಹಸುವಿಗೆ ಎಐ ಮಾಡಿಸೋದು ಅಂತಾರೆ. ಟಿವಿಯಲ್ಲಿ ಹೇಳೋ ಎಐ ಅದೇನಾ?"

ಅಲ್ಲ. ಪಶುವೈದ್ಯರ ಎಐ ಕೃತಕ ಗರ್ಭಧಾರಣೆ. ಟಿವಿಯ ಎಐ ಕೃತಕ ಬುದ್ಧಿಮತ್ತೆ. ಇಂಗ್ಲಿಷಿನ ಮೊದಲಕ್ಷರಗಳು ಮತ್ತು 'ಕೃತಕ' ಎಂಬ ಪದ ಮಾತ್ರ ಸಮಾನ. ಹಳ್ಳಿಯ ಕರಪತ್ರದಲ್ಲಿ ಬರೀ 'ಎಐ ಶಿಬಿರ' ಎಂದು ಅಚ್ಚು ಹಾಕಿಸಿದರೆ ಯಾರು ಹಸು ಹಿಡಿದುಕೊಂಡು ಬರುತ್ತಾರೆ, ಯಾರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ ಹೇಳಲಾಗದು. ಪೂರ್ತಿ ಹೆಸರು ಬರೆಯಿರಿ.

## ಶಾಲೆ, ಪರೀಕ್ಷೆ, ಐಕ್ಯೂ

"ಕೂಡಿಗೆ ಸೈನಿಕ ಶಾಲೆ ಎಂಟ್ರೆನ್ಸ್‌ನಲ್ಲಿ ಇಂಟೆಲಿಜೆನ್ಸ್ ಅಂತ ಒಂದು ಭಾಗ ಇದೆ. ಬುದ್ಧಿಯನ್ನು ಓದಿಸೋದು ಹೇಗೆ?"

ಇಲ್ಲಿ ಆ ಪದಕ್ಕೆ ಬಹಳ ಕಿರಿದಾದ ಅರ್ಥ: ತರ್ಕದ ಒಗಟುಗಳು. 6ನೆಯ ತರಗತಿ ಪ್ರವೇಶ ಪರೀಕ್ಷೆಯಲ್ಲಿ ಒಟ್ಟು 125 ಪ್ರಶ್ನೆ, 300 ಅಂಕ, 150 ನಿಮಿಷ. ಗಣಿತಕ್ಕೆ 50 ಪ್ರಶ್ನೆ, 150 ಅಂಕ. ಭಾಷೆ, ಸಾಮಾನ್ಯ ಜ್ಞಾನ, ಇಂಟೆಲಿಜೆನ್ಸ್ ಮೂರಕ್ಕೂ ತಲಾ 25 ಪ್ರಶ್ನೆ, 50 ಅಂಕ. 6ನೆಯ ತರಗತಿಯದನ್ನು ಕನ್ನಡದಲ್ಲಿ ಬರೆಯಬಹುದು. 9ನೆಯ ತರಗತಿಯದು ಇಂಗ್ಲಿಷಿನಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಅರ್ಜಿ ಹಾಕುವ ಮುನ್ನ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಇವನ್ನೆಲ್ಲ ಮತ್ತೊಮ್ಮೆ ನೋಡಿಕೊಳ್ಳಿ.

ಬರುವ ಮಾದರಿಗಳು ಹೆಚ್ಚಿಲ್ಲ: ಸಂಖ್ಯಾ ಸರಣಿ, ಗುಂಪಿಗೆ ಸೇರದ್ದು, ಹೋಲಿಕೆ, ಕೋಡಿಂಗ್ (ಅಕ್ಷರಗಳ ಬದಲು ಸಂಖ್ಯೆ ಅಥವಾ ಬೇರೆ ಅಕ್ಷರ ಇಡುವ ಗುಟ್ಟು ಬರಹ), ದಿಕ್ಕು, ಕನ್ನಡಿ ಬಿಂಬ, ಆಕೃತಿ ಪೂರ್ತಿ ಮಾಡುವುದು. ಮಕ್ಕಳು ಸೋಲುವ ಜಾಗಗಳೂ ಗೊತ್ತಿರುವಂಥವೇ. ಕನ್ನಡಿ ಬಿಂಬದಲ್ಲಿ ಎಡ–ಬಲ ಅದಲುಬದಲಾಗುತ್ತದೆ, ನೀರಿನ ಬಿಂಬದಲ್ಲಿ ಮೇಲೆ–ಕೆಳಗೆ, ಇವೆರಡನ್ನು ಕಲಸಿಕೊಳ್ಳುತ್ತಾರೆ. ಕಾಗದದ ಮೇಲೆ ನಿಜವಾದ ಕನ್ನಡಿ ಇಟ್ಟು ನಾಲ್ಕು ದಿನ ತೋರಿಸಿದರೆ ಸಾಕು. ಇಂಗ್ಲಿಷ್ ಅಕ್ಷರಗಳ ಕೋಡಿಂಗಿಗೆ 'ಇ, ಜೆ, ಓ, ಟಿ, ವೈ' ಬಾಯಿಗೆ ಬರಲಿ: ಇವು ಕ್ರಮವಾಗಿ 5, 10, 15, 20, 25. ತುದಿಯಿಂದ ಎಣಿಸಬೇಕಾದಾಗ ಅಕ್ಷರದ ಸ್ಥಾನವನ್ನು 27ರಿಂದ ಕಳೆಯಬೇಕು. ದಿಕ್ಕಿನ ಪ್ರಶ್ನೆಗೆ ಮನಸ್ಸಿನಲ್ಲಿ ತಿರುಗದೆ, ಬದಿಯಲ್ಲಿ ಗೆರೆ ಎಳೆದು ನಡೆಸಬೇಕು.

ಸರಾಸರಿ ಒಂದು ಪ್ರಶ್ನೆಗೆ 72 ಸೆಕೆಂಡು. ಗಣಿತ ಅದಕ್ಕಿಂತ ಹೆಚ್ಚು ತಿನ್ನುವುದರಿಂದ ಇಲ್ಲಿ 45 ಸೆಕೆಂಡಿನಲ್ಲಿ ಮುಗಿಸುವ ಅಭ್ಯಾಸ ಬೇಕು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಓಎಂಆರ್ ಹಾಳೆಯಲ್ಲೂ (ಉತ್ತರಕ್ಕೆ ವೃತ್ತ ತುಂಬುವ ಹಾಳೆ) ಆ ಸಾಲು ಬಿಡಲು ಮರೆತು, ಅಲ್ಲಿಂದಾಚೆ ಎಲ್ಲ ಉತ್ತರವೂ ಒಂದೊಂದು ಮನೆ ಮೇಲಕ್ಕೆ ಸರಿಯುವುದು ತೀರಾ ಸಾಮಾನ್ಯ. ಪ್ರತಿ ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವುದನ್ನು ಮನೆಯಲ್ಲೇ ರೂಢಿ ಮಾಡಿಸಿ.

ಗಾಳಿಬೀಡಿನ ನವೋದಯಕ್ಕೂ ಇದೇ ತಯಾರಿ ನೆರವಾಗುತ್ತದೆ. ಅಲ್ಲಿ ಈ ಭಾಗದ ಹೆಸರು 'ಮಾನಸಿಕ ಸಾಮರ್ಥ್ಯ', ತೂಕ ಇನ್ನೂ ಹೆಚ್ಚು: 80 ಪ್ರಶ್ನೆಗಳಲ್ಲಿ 40 ಇದೇ, 100ರಲ್ಲಿ 50 ಅಂಕ.

"ಮಗನ ಐಕ್ಯೂ 88 ಅಂತ ಬರೆದುಕೊಟ್ಟಿದ್ದಾರೆ. ನೂರಕ್ಕೆ 88 ಅಂದ್ರೆ ಒಳ್ಳೇದೇ ಅಲ್ವಾ? ಇಲ್ಲ ಅಂತಾರೆ ಮೇಷ್ಟ್ರು."

ಅದು ನೂರಕ್ಕೆ ಬಂದ ಅಂಕವಲ್ಲ. ಮೇಷ್ಟ್ರು ಹೆದರಿಸುವಷ್ಟು ಕೆಟ್ಟದ್ದೂ ಅಲ್ಲ.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಮೊದಲ ಬುದ್ಧಿಮತ್ತೆ ಪರೀಕ್ಷೆ ಮಾಡಿದರು. ಐಕ್ಯೂ (ಇಂಟೆಲಿಜೆನ್ಸ್ ಕೋಷಂಟ್) ಎಂಬ ಭಾಗಲಬ್ಧ ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ತಂದದ್ದು. ಆಗಿನ ಲೆಕ್ಕದಲ್ಲಿ 8 ವರ್ಷದ ಮಗು 10 ವರ್ಷದವರ ಮಟ್ಟದ ಉತ್ತರ ಕೊಟ್ಟರೆ 10ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿ 125. ಈಗ ಆ ಲೆಕ್ಕವಿಲ್ಲ. ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದಿಟ್ಟು, ಅಲ್ಲಿಂದ ಎಷ್ಟು ದೂರ ಎಂದು ಹೇಳುತ್ತಾರೆ. 85ರಿಂದ 115ರೊಳಗೆ ಸುಮಾರು 68% ಜನ ಬರುತ್ತಾರೆ. 88 ಅದರೊಳಗೇ ಇದೆ: ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಸುಮಾರು 21ನೆಯ ಜಾಗ. ಅಳತೆಯಲ್ಲಿ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ, ಹಾಗಾಗಿ 88 ಎಂದರೆ '83ರಿಂದ 93ರ ನಡುವೆ ಎಲ್ಲೋ' ಎಂದು ಓದಿಕೊಳ್ಳಿ.

ಜ್ವರ, ಅರೆನಿದ್ದೆ, ಕನ್ನಡಕ ಬೇಕಿದ್ದೂ ಇಲ್ಲದಿರುವುದು, ಕಿವಿ ಮಂದ, ಅಪರಿಚಿತರೆದುರು ಬಾಯಿ ಬಿಡದ ಸ್ವಭಾವ ಇವೆಲ್ಲ ಅಂಕ ಇಳಿಸುತ್ತವೆ. ಅದೇ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಮಾಡಿಸಿದರೆ ಪರಿಚಯದಿಂದಲೇ ಅಂಕ ಏರುತ್ತದೆ. ವರದಿಯಲ್ಲಿ ಒಟ್ಟು ಅಂಕಕ್ಕಿಂತ ಒಳಭಾಗಗಳನ್ನು ನೋಡಿ. ಮಾತಿನ ಭಾಗ ಚೆನ್ನಾಗಿದ್ದು ವೇಗದ ಭಾಗ ಮಾತ್ರ ಕುಸಿದಿದ್ದರೆ ಆ ಮಗುವಿಗೆ ಬೇಕಾದ್ದು ಬೇರೆ ಸಹಾಯ. ವರದಿ ಬರೆದವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದು ಕೇಳಿ. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಐಕ್ಯೂಗೆ ಕಿಲುಬುಗಾಸಿನ ಬೆಲೆಯೂ ಇಲ್ಲ.

"ಮನೆಯಲ್ಲಿ ಎರವ ಭಾಷೆ, ಟೆಸ್ಟ್ ಕನ್ನಡದಲ್ಲಿ. ಆ ಅಂಕ ನಂಬಬಹುದಾ?"

ಮಾತಿನ ಪ್ರಶ್ನೆಗಳ ಭಾಗವನ್ನು ನಂಬಬೇಡಿ. ಕೊಡಗಿನಂಥ ಜಿಲ್ಲೆಯಲ್ಲಿ ಇದು ಬರೀ ಎರವ ಬುಡಕಟ್ಟಿನ ಮಕ್ಕಳ ಪ್ರಶ್ನೆಯಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳ ಮಾತಾಡುವ ಮನೆಗಳದ್ದೂ ಹೌದು. ಭಾರತದ ಪರೀಕ್ಷೆಗಳಲ್ಲಿ ಬಿನೆ–ಕಾಮತ್ ಹಳೆಯದು, ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಹೊಂದಿಸಿದ್ದು. ಕನ್ನಡದ್ದೆಂಬುದು ನಮಗೆ ಹೆಮ್ಮೆಯೇ, ಆದರೆ ಅದರಲ್ಲಿ ಮಾತಿನ ಪ್ರಶ್ನೆಗಳ ಪಾಲು ದೊಡ್ಡದು. ಮನೆಮಾತು ಬೇರೆ ಇರುವ ಮಗುವಿಗೆ ಆಕೃತಿ, ಮರದ ತುಂಡುಗಳ ಮೇಲೆ ನಡೆಯುವ ಪರೀಕ್ಷೆಗಳನ್ನೂ ಮಾಡಿಸಿ ಎಂದು ಕೇಳುವುದು ಪೋಷಕರ ಹಕ್ಕು: ರೇವನ್ ಅವರ ಮ್ಯಾಟ್ರಿಸಸ್, ಭಾಟಿಯಾ ಬ್ಯಾಟರಿ, ಸೆಗಾನ್ ಫಾರ್ಮ್ ಬೋರ್ಡ್.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಐಕ್ಯೂ ಒಂದೇ ಸಾಲದು. ಊಟ, ಬಟ್ಟೆ, ಹಣ, ಓಡಾಟದಂಥ ದಿನನಿತ್ಯದ ಕೆಲಸ ಎಷ್ಟು ಸ್ವಂತವಾಗಿ ಮಾಡುತ್ತದೆ ಎಂಬುದನ್ನೂ ಅಳೆಯಬೇಕು. ಅದನ್ನು ಅಳೆಯುವಾಗ ಮಗುವನ್ನು ದಿನವೂ ನೋಡಿಕೊಳ್ಳುವವರೇ ಜೊತೆಗೆ ಹೋಗಿ. ಚಿಕ್ಕಪ್ಪ ಹೋಗಿ ಅಂದಾಜಿನಲ್ಲಿ ಉತ್ತರಿಸಿದರೆ ಶೇಕಡಾವಾರು ತಪ್ಪುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹೆಚ್ಚಿನ ಸೌಲಭ್ಯಗಳಿಗೆ ಬೇಕಾದದ್ದು ಕನಿಷ್ಠ 40%. ಅಂದಹಾಗೆ ಈಗ ಬಳಸಬೇಕಾದ ಪದ 'ಬೌದ್ಧಿಕ ಅಂಗವೈಕಲ್ಯ'. 'ಬುದ್ಧಿಮಾಂದ್ಯ' ಇನ್ನೂ ಕೆಲವು ಬೋರ್ಡುಗಳಲ್ಲಿ ಉಳಿದಿದೆ, ಬರವಣಿಗೆಯಲ್ಲಿ ಬೇಡ.

"ಎಮೋಷನಲ್ ಇಂಟೆಲಿಜೆನ್ಸ್ ಅನ್ನೋದು ನಿಜಕ್ಕೂ ಇದೆಯಾ, ಇಲ್ಲ ತರಬೇತಿ ಕೊಡೋರ ವ್ಯಾಪಾರಾನಾ?"

ಎರಡೂ. 1990ರಲ್ಲಿ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಇದನ್ನು ಒಂದು ಸಾಮರ್ಥ್ಯವಾಗಿ ವಿವರಿಸಿದರು: ತನ್ನ ಮತ್ತು ಇತರರ ಭಾವನೆ ಗುರುತಿಸಿ, ಆ ತಿಳಿವಿನಂತೆ ನಡೆದುಕೊಳ್ಳುವುದು. 1995ರ ಡೇನಿಯಲ್ ಗೋಲ್‌ಮನ್ ಪುಸ್ತಕದ ನಂತರ ಅದು ಮಾರುಕಟ್ಟೆಗಿಳಿಯಿತು. ಕನ್ನಡದಲ್ಲಿ 'ಭಾವನಾತ್ಮಕ ಬುದ್ಧಿಮತ್ತೆ' ಎನ್ನುತ್ತಾರೆ. ಅದು 'ಭಾವುಕ ಬುದ್ಧಿ' ಎಂಬಂತೆ ಕೇಳಿಸುವುದೇ ತೊಡಕು. 'ಮನಸ್ಸು ಅರಿಯುವ ಜಾಣ್ಮೆ' ಎಂದರೆ ಅಜ್ಜಿಗೂ ತಿಳಿಯುತ್ತದೆ.

## ಸುದ್ದಿ, ಸುಳಿವು, ಇಲಾಖೆ

"ಗುಪ್ತಚರ, ಗೂಢಚಾರ, ಬೇಹುಗಾರ. ಪತ್ರಿಕೆಯಲ್ಲಿ ಯಾವುದು ಸರಿ?"

'ಬೇಹು' ಹಳೆಯ ಕನ್ನಡ ಪದ. ಬೇಹುಗಾರಿಕೆ ಎಂದರೆ ಕದ್ದು ತಿಳಿಯುವ ಕೆಲಸ, ಹೆಚ್ಚಾಗಿ ಶತ್ರುವಿನ ಪರ ಮಾಡಿದ ಅಪರಾಧದ ವಾಸನೆ ಅದಕ್ಕಿದೆ. 'ಗೂಢಚಾರ' ವ್ಯಕ್ತಿಗೆ. 'ಗುಪ್ತಚರ' ಮೂಲದಲ್ಲಿ ವ್ಯಕ್ತಿಯೇ ಆದರೂ ಈಗ ಇಲಾಖೆಯ ಹೆಸರಿಗೆ ನಿಂತಿದೆ: ಗುಪ್ತಚರ ದಳ, ಗುಪ್ತಚರ ವರದಿ, ಗುಪ್ತಚರ ವೈಫಲ್ಯ. 'ಬೇಹುಗಾರಿಕೆ ಇಲಾಖೆ ಎಚ್ಚರಿಕೆ ನೀಡಿದೆ' ಎಂದು ನಮ್ಮದೇ ಸರ್ಕಾರದ ಬಗ್ಗೆ ಬರೆದರೆ ಕಿವಿಗೆ ಕಚ್ಚುತ್ತದೆ. ಹಾಗೆಯೇ, ಇಲಾಖೆಯ ಎಲ್ಲ ಮಾಹಿತಿಯೂ ಗುಪ್ತವಲ್ಲ. ಪತ್ರಿಕೆ, ಭಾಷಣ, ಉಪಗ್ರಹ ಚಿತ್ರದಂಥ ಬಯಲಿನಲ್ಲಿರುವುದನ್ನು ಕಲೆಹಾಕಿದರೂ ಇಂಗ್ಲಿಷಿನಲ್ಲಿ ಇಂಟೆಲಿಜೆನ್ಸೇ. ಅಲ್ಲಿ 'ಗುಪ್ತ' ಬಿಟ್ಟು 'ಮಾಹಿತಿ ವಿಶ್ಲೇಷಣೆ' ಎನ್ನಬೇಕಾಗುತ್ತದೆ.

"ಐಬಿ, ರಾ, ಎಂಐ, ಡಿಆರ್‌ಐ ಎಲ್ಲಾ ಒಂದೇ ಇಂಟೆಲಿಜೆನ್ಸಾ?"

ಮನೆಗೊಬ್ಬರಾದರೂ ಸೇನೆಯಲ್ಲಿದ್ದು ಬಂದ ಜಿಲ್ಲೆಯಲ್ಲೂ ಇದು ಕಲಸುಮೇಲೋಗರವೇ. ಇಂಟೆಲಿಜೆನ್ಸ್ ಬ್ಯೂರೋ 1887ರಲ್ಲಿ ಬ್ರಿಟಿಷರ ಕಾಲದ ಒಂದು ವಿಭಾಗವಾಗಿ ಹುಟ್ಟಿದ್ದು, ಈಗ ಗೃಹ ಸಚಿವಾಲಯದಡಿ ದೇಶದೊಳಗಿನ ಕೆಲಸ. ರಾ ಹುಟ್ಟಿದ್ದು 1968ರಲ್ಲಿ, ಹೊರದೇಶಗಳ ಕೆಲಸ. ಮೊದಲ ಮುಖ್ಯಸ್ಥ ಆರ್.ಎನ್. ಕಾವ್. ಅದರ ಪೂರ್ತಿ ಹೆಸರಿನಲ್ಲಿ 'ಸಂಶೋಧನೆ ಮತ್ತು ವಿಶ್ಲೇಷಣೆ' ಇದೆಯೇ ಹೊರತು ಇಂಟೆಲಿಜೆನ್ಸ್ ಎಂಬ ಪದವೇ ಇಲ್ಲ. ಎಂಐ, ಅಂದರೆ ಮಿಲಿಟರಿ ಇಂಟೆಲಿಜೆನ್ಸ್, ಸೇನೆಯ ಸ್ವಂತದ್ದು: ಗಡಿಯಾಚೆ ಎಷ್ಟು ತುಕಡಿ, ಯಾವ ದಾರಿ, ಯಾವ ಆಯುಧ. ಡಿಆರ್‌ಐ 1957ರಿಂದ ಇರುವ ಕಂದಾಯ ಗುಪ್ತಚರ ನಿರ್ದೇಶನಾಲಯ, ವಿಮಾನ ನಿಲ್ದಾಣದಲ್ಲಿ ಚಿನ್ನ ಹಿಡಿಯುವವರು. ಬ್ಯಾಂಕುಗಳು 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರದ ವರದಿ ಕಳಿಸುವುದು ಇನ್ನೊಂದಕ್ಕೆ, ಹಣಕಾಸು ಗುಪ್ತಚರ ಘಟಕಕ್ಕೆ; ಅಲ್ಲಿ ವೇಷ ಮರೆಸಿ ಓಡಾಡುವವರು ಯಾರೂ ಇಲ್ಲ, ಕಂಪ್ಯೂಟರ್ ಮುಂದೆ ಕೂತವರೇ. ಪ್ರತಿಭಟನೆಯ ಬದಿಯಲ್ಲಿ ಮಫ್ತಿಯಲ್ಲಿ ನಿಂತು ಬರೆದುಕೊಳ್ಳುವವರನ್ನು ಊರಿನವರು 'ಇಂಟೆಲಿಜೆನ್ಸ್‌ನವರು' ಎನ್ನುವುದು ರಾಜ್ಯ ಪೊಲೀಸರ ವಿಭಾಗಗಳನ್ನು.

"ಸುದ್ದಿ ಯಾವಾಗ ಇಂಟೆಲಿಜೆನ್ಸ್ ಆಗುತ್ತೆ?"

ಜರಡಿ ಹಿಡಿದ ಮೇಲೆ. ವಾಟ್ಸ್‌ಆ್ಯಪ್‌ನಲ್ಲಿ 'ಆನೆ ಬಂದಿದೆ ಹುಷಾರ್' ಎಂದು ಬಂದರೆ ಅದು ಸುದ್ದಿ. ಎಲ್ಲಿ, ಯಾವಾಗ, ಎಷ್ಟು ಯಾವುದೂ ಇಲ್ಲ. 'ಬೆಳಗ್ಗೆ 5.40, ಲೈನ್ ಮನೆ ಹಿಂದೆ, ಮೂರು ಆನೆ, ಒಂದು ಮರಿ, ಕೆರೆ ಕಡೆ ಹೋಗ್ತಿವೆ' ಎಂದು ಕಂಡವರೇ ಹೇಳಿದರೆ ಅದು ಒಳ್ಳೆಯ ಮಾಹಿತಿ. ಅದನ್ನು ನಿನ್ನೆಯ ಲದ್ದಿ, ಹೆಜ್ಜೆ ಗುರುತಿನ ಜೊತೆ ಹೊಂದಿಸಿ, ಇವು ಸಂಜೆ ಯಾವ ದಾರಿಯಲ್ಲಿ ಮರಳಬಹುದು ಎಂದು ತೀರ್ಮಾನಿಸಿ ಶಾಲೆ ಬಿಡುವ ಮುಂಚೆ ತಿಳಿಸಿದರೆ ಆಗ ಅದು ಇಂಟೆಲಿಜೆನ್ಸ್. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಸರಿಸುಮಾರು ಆನೆಯ ಭುಜದೆತ್ತರ. ಹಾಗೆ ನೆಲದ ಗುರುತಿನಿಂದ ಗಾತ್ರ ತೆಗೆಯುವುದೂ ಇದೇ ಕೆಲಸದ ಭಾಗ.

ಸೇನೆಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಹೇಳಿದವರಿಗೆ ಎ–ಯಿಂದ ಎಫ್‌ವರೆಗೆ ಅಕ್ಷರ, ಹೇಳಿದ ವಿಷಯಕ್ಕೆ 1ರಿಂದ 6ರವರೆಗೆ ಅಂಕಿ, ಎರಡನ್ನೂ ಬೇರೆ ಬೇರೆ ಕೊಡುತ್ತಾರೆ. ಎ ಎಂದರೆ ಪೂರ್ತಿ ನಂಬಬಹುದಾದವರು, ಎಫ್ ಎಂದರೆ ಅಳೆಯಲಾಗದವರು. 1 ಎಂದರೆ ಬೇರೆ ಮೂಲದಿಂದಲೂ ಖಚಿತವಾದದ್ದು, 6 ಎಂದರೆ ಹೇಳಲಾಗದ್ದು. ಬೇರೆ ಬೇರೆ ಕೊಡುವುದೇ ಇದರ ಜೀವ. ನಂಬಿಗಸ್ತ ಮನುಷ್ಯನೂ ಕೇಳಿದ ಮಾತನ್ನೇ ದಾಟಿಸಬಹುದು, ಸುಳ್ಳುಗಾರನೂ ಒಮ್ಮೆ ಆನೆ ಕಂಡಿರಬಹುದು. ಸಾಮಾನ್ಯವಾಗಿ ಎಡವುವುದು, ಒಂದೇ ಮಾತು ಹತ್ತು ಗುಂಪಿನಿಂದ ಬಂದಾಗ ಅದನ್ನು ಹತ್ತು ಸಾಕ್ಷಿ ಎಂದು ಎಣಿಸುವಲ್ಲಿ. ಮೂಲ ಒಂದೇ ಆಗಿದ್ದರೆ ಸಾಕ್ಷಿಯೂ ಒಂದೇ.

"ಕಾಫಿ ಬೋರ್ಡಿನಲ್ಲೂ ಇಂಟೆಲಿಜೆನ್ಸ್ ಯೂನಿಟ್ ಇದೆಯಂತೆ. ಅವರು ಯಾರ ಮೇಲೆ ಕಣ್ಣಿಡ್ತಾರೆ?"

ದರದ ಮೇಲೆ. ಬೋರ್ಡಿನಲ್ಲಿ ಮಾರುಕಟ್ಟೆ ಸಂಶೋಧನೆ ಮತ್ತು ಇಂಟೆಲಿಜೆನ್ಸ್ ಹೆಸರಿನ ಘಟಕವಿದ್ದು ಬೆಳೆ, ರಫ್ತು, ಬೆಲೆಯ ಅಂಕಿಅಂಶ ಒಟ್ಟು ಮಾಡುತ್ತದೆ. ಇದನ್ನು 'ಮಾರುಕಟ್ಟೆ ಗುಪ್ತಚರ' ಎಂದು ಅನುವಾದಿಸುವುದು ತಮಾಷೆಯಾಗುತ್ತದೆ. 'ಮಾರುಕಟ್ಟೆ ಮಾಹಿತಿ' ಸಾಕು. ಕಂಪನಿಗಳು ಹೇಳುವ ಬಿಸಿನೆಸ್ ಇಂಟೆಲಿಜೆನ್ಸ್ ಕೂಡ ಇದೇ ಜಾತಿ. ಐಬಿಎಂನ ಹಾನ್ಸ್ ಪೀಟರ್ ಲೂನ್ 1958ರಲ್ಲೇ ಆ ಹೆಸರಿನಲ್ಲಿ ಲೇಖನ ಬರೆದಿದ್ದರು.

ಬೆಳೆಗಾರರ ಮಟ್ಟದಲ್ಲಿ ಇದು ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ. ರೋಬಸ್ಟಾ ದರ ಲಂಡನ್ನಿನಲ್ಲಿ ಟನ್ನಿಗೆ ಡಾಲರ್ ಲೆಕ್ಕ, ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡಿಗೆ ಸೆಂಟ್ ಲೆಕ್ಕ. ಲೆಕ್ಕಕ್ಕೆಂದು ಲಂಡನ್ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ: ಕಿಲೋ ಬೀಜಕ್ಕೆ 340 ರೂಪಾಯಿ. ನಿಮ್ಮ 50 ಕಿಲೋ ಚೆರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ) ಚೀಲದ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಹಸನಾದ ಬೀಜ, 26 ಕಿಲೋ ಆದರೆ 8,840 ರೂಪಾಯಿ. ವ್ಯಾಪಾರಿ ಹೇಳುವ ದರ ಇದಕ್ಕಿಂತ ಕೆಳಗಿರುವುದು ಸಹಜ, ಏಕೆಂದರೆ ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು ಮಾಡುವುದು), ಸಾಗಣೆ, ರಫ್ತಿನ ಖರ್ಚು, ಅವರ ಲಾಭ ಎಲ್ಲ ಅದರೊಳಗೆ. ಆ ಅಂತರ ಒಂದೇ ವಾರದಲ್ಲಿ ಹಠಾತ್ತನೆ ಅಗಲವಾದರೆ ಪ್ರಶ್ನೆ ಕೇಳಬೇಕು. ಔಟ್‌ಟರ್ನ್ ತೆಗೆಸದೆ ಚೀಲದ ದರ ಮಾತ್ರ ಹೋಲಿಸುವುದು ನಷ್ಟದ ದಾರಿ: 28 ಬರುವ ಚೀಲವನ್ನು 26ರ ದರಕ್ಕೆ ಕೊಟ್ಟರೆ ಮೇಲಿನ ಲೆಕ್ಕದಲ್ಲೇ 680 ರೂಪಾಯಿ ಹೋಯಿತು.

## ಇನ್ನಷ್ಟು ಆಳಕ್ಕೆ

"ಎಐಗೆ ಕೃತಕ ಬುದ್ಧಿಮತ್ತೆ ಸರಿಯೋ, ಯಾಂತ್ರಿಕ ಬುದ್ಧಿಮತ್ತೆ ಸರಿಯೋ?"

ಎರಡಕ್ಕೂ ಕನ್ನಡದಲ್ಲಿ ಒಂದೊಂದು ಕೊಕ್ಕೆ ಇದೆ. 'ಕೃತಕ' ಎಂದರೆ ನಮಗೆ ಮೊದಲು ನೆನಪಾಗುವುದು ಕೃತಕ ನಗು, ಅಂದರೆ ಸುಳ್ಳು. 'ಯಾಂತ್ರಿಕವಾಗಿ ಮಾಡಿದ' ಎಂದರೆ ತಲೆ ಉಪಯೋಗಿಸದೆ ಮಾಡಿದ ಎಂದೇ ಅರ್ಥ, ಬುದ್ಧಿಗೆ ನೇರ ವಿರುದ್ಧ. ರೂಢಿಯಲ್ಲಿ ಗೆದ್ದಿರುವುದು ಕೃತಕ ಬುದ್ಧಿಮತ್ತೆ, ಅದನ್ನೇ ಬಳಸಿ. ಇಂಗ್ಲಿಷ್ ಹೆಸರೂ ಮೊದಲಿಗೆ ಕಾಣಿಸಿದ್ದು ಒಂದು ಅರ್ಜಿಯಲ್ಲಿ: ಜಾನ್ ಮೆಕಾರ್ಥಿ ಮತ್ತು ಮೂವರು 1955ರಲ್ಲಿ, ಮರುವರ್ಷ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆಸಲಿದ್ದ ಕಮ್ಮಟಕ್ಕೆ ಹಣ ಕೇಳುವಾಗ ಬರೆದದ್ದು.

"ಹಾಗಾದ್ರೆ ಚಾಟ್‌ಬಾಟ್‌ಗೆ ಬುದ್ಧಿ ಇದೆ ಅನ್ನಬಹುದಾ?"

ಒಗಟು ಬಿಡಿಸುವ ಅರ್ಥದಲ್ಲಾದರೆ ಇದೆ ಎನ್ನಬಹುದು. ಸೈನಿಕ ಶಾಲೆಯ ಎಷ್ಟೋ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಅದು ಕಲಿತದ್ದು ರಾಶಿ ಬರಹದಲ್ಲಿ ಮುಂದಿನ ಪದ ಯಾವುದಿರಬಹುದೆಂದು ಊಹಿಸುವುದನ್ನು. ಹಾಗಾಗಿ ಹೆಚ್ಚು ಜನ ಬರೆದದ್ದರ ಕಡೆ ವಾಲುತ್ತದೆ. ಅರೇಬಿಕಾದ ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ 0.5%, ಅಂದರೆ 100 ಲೀಟರಿಗೆ ಅರ್ಧ ಕಿಲೋ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ 1%, ಒಂದು ಕಿಲೋ. ಬೆಳೆಯ ಹೆಸರು ಹೇಳದೆ ಕೇಳಿದರೆ ಎರಡನೆಯದನ್ನೇ ಧೈರ್ಯವಾಗಿ ಹೇಳಿಬಿಡಬಹುದು. ಬೆಳೆ, ರೋಗ, ತಿಂಗಳು ಮೂರನ್ನೂ ಹೇಳಿ ಕೇಳಿ, ಆಮೇಲೆ ಕಾಫಿ ಬೋರ್ಡಿನ ವಿಸ್ತರಣಾ ಕಚೇರಿಯಲ್ಲಿ ತಾಳೆ ನೋಡಿ. ಬುದ್ಧಿ ಹೇಳಬಲ್ಲದು, ಬುದ್ಧಿ ಬಂದಿದೆ ಎನ್ನಲಾಗದು.

"ಮೈಸೂರು ರಸ್ತೆ ಕ್ಯಾಮೆರಾಗೂ ಇಂಟೆಲಿಜೆಂಟ್ ಅಂತ ಹೆಸರು. ಅದಕ್ಕೇನು ಬುದ್ಧಿ?"

ನಂಬರ್ ಪ್ಲೇಟ್ ಓದುತ್ತದೆ, ವೇಗ ಲೆಕ್ಕ ಹಾಕುತ್ತದೆ, ಸೀಟ್ ಬೆಲ್ಟ್ ನೋಡುತ್ತದೆ, ದಂಡದ ಸಂದೇಶ ಕಳಿಸುತ್ತದೆ. ಇಲ್ಲಿ ಆ ಪದಕ್ಕೆ 'ತಾನಾಗಿ ಕೆಲಸ ಮಾಡುವ' ಎಂದಷ್ಟೇ ಅರ್ಥ. 'ಸ್ವಯಂಚಾಲಿತ' ಎನ್ನಿ.

"ಸೋಲಾರ್ ಬೇಲಿ ಮುರಿಯೋ ಆನೆಗೆ ಇಂಟೆಲಿಜೆನ್ಸ್ ಇದೆಯಾ, ಅಭ್ಯಾಸಾನಾ?"

ದಂತದಲ್ಲಿ ವಿದ್ಯುತ್ ಹರಿಯದು. ಅದನ್ನು ಕಂಡುಕೊಂಡ ಗಂಡಾನೆ ತಂತಿಯನ್ನು ದಂತದಿಂದ ಎತ್ತಿ ಕೀಳುತ್ತದೆ. ದಂತವಿಲ್ಲದವು ಕಂಬವನ್ನೇ ಒದೆಯುತ್ತವೆ, ಇಲ್ಲವೇ ತಂತಿಯ ಮೇಲೆ ಮರ ಬೀಳಿಸುತ್ತವೆ. ಮೊದಲ ಸಲದ್ದು ಬುದ್ಧಿ, ನೂರನೆಯ ಸಲದ್ದು ಅಭ್ಯಾಸ. ಒಂದು ಮಾಡಿದ್ದನ್ನು ನೋಡಿ ಇನ್ನೊಂದು ಕಲಿಯುವುದೂ ಉಂಟು, ಹಾಗಾಗಿ ಎರಡರ ನಡುವಿನ ಗೆರೆ ಸಾಫಾಗಿಲ್ಲ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮೂರು ಏಷ್ಯನ್ ಆನೆಗಳ ಮುಂದೆ ಕನ್ನಡಿ ಇಟ್ಟು, ತಲೆಯ ಮೇಲೆ ಗುರುತು ಹಾಕಿದರು. ಹ್ಯಾಪಿ ಎಂಬ ಆನೆ ಕನ್ನಡಿ ನೋಡಿ ಸೊಂಡಿಲಿನಿಂದ ತನ್ನ ತಲೆಯ ಗುರುತನ್ನೇ ಮುಟ್ಟಿತು. ಉಳಿದೆರಡು ಮುಟ್ಟಲಿಲ್ಲ. ಅವಕ್ಕೆ ಬುದ್ಧಿ ಇಲ್ಲವೆಂದಲ್ಲ, ಮೈಮೇಲಿನ ಕಲೆ ಆನೆಗೆ ದೊಡ್ಡ ವಿಷಯವೇ ಅಲ್ಲದಿರಬಹುದು.

"1834ರ ಕಾಲದ ಇಂಗ್ಲಿಷ್ ಕಾಗದಗಳಲ್ಲಿ 'ಇಂಟೆಲಿಜೆನ್ಸ್ ರೀಚ್ಡ್ ಅಸ್' ಅಂತ ಓದಿದೆ. ಗುಪ್ತಚರರು ಬಂದರು ಅಂತಾನಾ?"

ಇಲ್ಲ, 'ಸುದ್ದಿ ಮುಟ್ಟಿತು' ಎಂದಷ್ಟೇ. ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡ ಆ ಕಾಲದ ಇಂಗ್ಲಿಷಿನಲ್ಲಿ ಸಾವು, ಮದುವೆ, ಹಡಗು ಬಂದದ್ದು ಎಲ್ಲವೂ ಇಂಟೆಲಿಜೆನ್ಸೇ. ಪತ್ರಿಕೆಗಳಲ್ಲಿ ಹಡಗುಗಳ ಆಗಮನದ ಅಂಕಣಕ್ಕೆ 'ಶಿಪ್ಪಿಂಗ್ ಇಂಟೆಲಿಜೆನ್ಸ್' ಎಂದೇ ತಲೆಬರಹ. ಹಳೆಯ ಕಾಗದ ಅನುವಾದಿಸುವವರು ಇಲ್ಲಿ 'ಗುಪ್ತ ಮಾಹಿತಿ' ಎಂದು ಬರೆದರೆ ಇಲ್ಲದ ಪಿತೂರಿಯೊಂದು ಚರಿತ್ರೆಯೊಳಗೆ ಹುಟ್ಟಿಕೊಳ್ಳುತ್ತದೆ. ಸುದ್ದಿ, ವರ್ತಮಾನ, ಸಮಾಚಾರ ಮೂರರಲ್ಲಿ ಒಂದು ಸಾಕು. ಆ ಕಾಲದ ಧಾಟಿಗೆ 'ವರ್ತಮಾನ' ಚೆನ್ನಾಗಿ ಕೂರುತ್ತದೆ. ಅದೇ ಕಾಗದದಲ್ಲಿ ಶತ್ರುವಿನ 'ಜೊತೆ' ಇಂಟೆಲಿಜೆನ್ಸ್ ಇಟ್ಟುಕೊಂಡಿದ್ದ ಎಂದಿದ್ದರೆ ಮಾತ್ರ ಎಚ್ಚರ. ಅಲ್ಲಿ ಅರ್ಥ 'ಒಳಸಂಚು, ಒಳಗೊಳಗೇ ಸಂಪರ್ಕ'.

"'ಡೋಂಟ್ ಇನ್ಸಲ್ಟ್ ಮೈ ಇಂಟೆಲಿಜೆನ್ಸ್' ಅನ್ನೋದನ್ನು ಕನ್ನಡದಲ್ಲಿ ಹೇಗೆ ಹೇಳೋದು?"

'ನನ್ನ ಬುದ್ಧಿಮತ್ತೆಯನ್ನು ಅವಮಾನಿಸಬೇಡಿ' ಎಂದು ಡಬ್ಬಿಂಗಿನಲ್ಲಿ ಕೇಳಿಬರುತ್ತದೆ. ಜಗಳದಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. 'ನನ್ನನ್ನೇನು ಪೆದ್ದ ಅಂದ್ಕೊಂಡಿದ್ದೀರಾ?' ಎನ್ನಿ. ಹೆಚ್ಚು ಸಲಿಗೆಯಿದ್ದರೆ 'ಕಿವಿ ಮೇಲೆ ಹೂ ಇಡಬೇಡ'.